ಚಾಲಕನ ನೆತ್ತಿಯ ಮೇಲೊಂದು ಚರಿತ್ರೆ

ನಮ್ಮ ಹೆದ್ದಾರಿಗಳಲ್ಲಿ ದಶಕಗಳ ಕಾಲ ಕಾಣುತ್ತಿದ್ದ ನೋಟವೊಂದಿದೆ. ಮುಂದೆ ಎಂಜಿನ್ನು, ಕೆಳಗೆ ಚಕ್ರಗಳು, ಹಿಂದಕ್ಕೆ ಚಾಚಿದ ಎರಡು ಉಕ್ಕಿನ ತೊಲೆಗಳು. ಬಾಗಿಲಿಲ್ಲ, ಗಾಜಿಲ್ಲ, ಮಾಡೂ ಇಲ್ಲ. ಸ್ಟೇರಿಂಗ್ ಚಕ್ರದ ಹಿಂದೆ ಮರದ ಪೆಟ್ಟಿಗೆಯಂಥ ಆಸನದ ಮೇಲೆ ಕುಳಿತ ಚಾಲಕ, ತಲೆಗೆ ಟವಲು ಸುತ್ತಿ, ಕಣ್ಣಿಗೆ ಕನ್ನಡಕ ಏರಿಸಿ, ಬಿಸಿಲು ಮಳೆಯೆನ್ನದೆ ನೂರಾರು ಮೈಲಿ ಓಡಿಸಿಕೊಂಡು ಹೋಗುತ್ತಿದ್ದ. ಜಮ್‌ಶೆಡ್‌ಪುರದಿಂದಲೋ, ಮದ್ರಾಸಿನ ಎಣ್ಣೂರಿನಿಂದಲೋ ಹೊರಟ ಆ ಅರೆಬರೆ ವಾಹನಕ್ಕೆ ಲಾರಿಯೆಂಬ ರೂಪ ಬರುತ್ತಿದ್ದುದು ಬಾಡಿ ಕಟ್ಟುವವರ ಶೆಡ್ಡಿನಲ್ಲಿ. ಎಂಜಿನ್ನು ಕಾರ್ಖಾನೆಯದು, ಚಾಲಕನ ನೆತ್ತಿಯ ಮೇಲಿನ ಸೂರು ಮಾತ್ರ ಬಡಗಿಯದು.

ಆ ಸೂರಿನ ಒಳಮೈಗೆ ಹೊದಿಸುತ್ತಿದ್ದ ರೂಫ್ ಲೈನಿಂಗ್ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಂಡವರಲ್ಲ. ಎಂಜಿನ್ನಿನ ಬಗ್ಗೆ ಪುಸ್ತಕಗಳಿವೆ, ಗೇರ್ ಪೆಟ್ಟಿಗೆಯ ಬಗ್ಗೆ ಕೈಪಿಡಿಗಳಿವೆ. ಚಾವಣಿಗೆ ಬಡಿದ ಹಲಗೆ, ಅದರ ಮೇಲಿನ ರೆಕ್ಸಿನ್, ಅಂಚಿನ ಬೀಡಿಂಗ್ ಇವುಗಳ ಲೆಕ್ಕ ಇಟ್ಟವರು ಕಡಿಮೆ. ಆದರೆ ಹಳೆಯ ಲಾರಿಯೊಂದನ್ನು ಗುಜರಿಯಿಂದ ಪಾರು ಮಾಡಿ ಮತ್ತೆ ಮೊದಲಿನಂತೆ ಮಾಡಹೊರಟವರಿಗೆ ಅತ್ಯಂತ ಕಗ್ಗಂಟಿನ ಪ್ರಶ್ನೆ ಎದುರಾಗುವುದು ಇಲ್ಲಿಯೇ. ಪಿಸ್ಟನ್ನಿನ ಅಳತೆ ಕೈಪಿಡಿಯಲ್ಲಿ ಸಿಗುತ್ತದೆ. ಚಾವಣಿ ಹೇಗಿತ್ತೆಂದು ಹೇಳುವವರು ಯಾರು?

ಬಟ್ಟೆಯಿಂದ ಉಕ್ಕಿಗೆ

ಮೊದಮೊದಲ ಲಾರಿಗಳಿಗೆ ಸೂರೇ ಇರಲಿಲ್ಲ. ಜರ್ಮನಿಯ ಗಾಟ್ಲೀಬ್ ಡೈಮ್ಲರ್ 1896ರಲ್ಲಿ ಮಾಡಿದ ಮೋಟಾರು ಲಾರಿ, ಕುದುರೆ ಬಿಚ್ಚಿದ ಗಾಡಿಯಂತೆಯೇ ಇತ್ತು. ಚಾಲಕ ಜಟಕಾ ಸಾಬಿಯ ಹಾಗೆ ಮುಂದೆ ಬಯಲಲ್ಲಿ ಕುಳಿತು ಓಡಿಸಬೇಕು. ಆಮೇಲೆ ಬಂದದ್ದು ಮಡಿಸುವ ಕ್ಯಾನ್ವಾಸ್ ಮುಸುಕು. ಅದರ ನಂತರ ಮರದ ಚೌಕಟ್ಟಿನ ಮುಚ್ಚಿದ ಕ್ಯಾಬಿನ್. ಹಾಗೆ ನೋಡಿದರೆ ಲಾರಿಯ ಚಾಲಕನಿಗೆ ನಾಲ್ಕು ಗೋಡೆ ಮತ್ತು ಒಂದು ಮಾಡು ಸಿಗಲು ಮೂರು ದಶಕಗಳಷ್ಟು ಕಾಲ ಹಿಡಿಯಿತು.

ಆ ಮಾಡೂ ಪೂರ್ತಿ ಲೋಹದ್ದಲ್ಲ. 1920ರ ದಶಕದ ವಾಹನಗಳ ಚಾವಣಿಯ ನಡುಭಾಗ ಸಾಮಾನ್ಯವಾಗಿ ಮರದ ಪಟ್ಟಿಗಳ ಮೇಲೆ ಬಿಗಿದ, ಮೇಣ ಅಥವಾ ಬಣ್ಣದ ಲೇಪ ಕೊಟ್ಟ ಬಟ್ಟೆಯಾಗಿರುತ್ತಿತ್ತು. ಕಾರಣ ಸರಳ. ಇಡೀ ಚಾವಣಿಯನ್ನು ಒಂದೇ ತುಂಡಿನಲ್ಲಿ ಒತ್ತಿ ತೆಗೆಯುವಷ್ಟು ಅಗಲದ ಉಕ್ಕಿನ ತಗಡು, ಅಷ್ಟು ದೊಡ್ಡ ಅಚ್ಚುಯಂತ್ರ ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ. ಉರುಕು ಗಿರಣಿಗಳು ಅಗಲವಾದ ತಗಡನ್ನು ಎಡೆಬಿಡದೆ ಉರುಳಿಸಿ ಕೊಡುವುದನ್ನು ಕಲಿತ ಮೇಲೆ ಪರಿಸ್ಥಿತಿ ಬದಲಾಯಿತು. ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿ 1935ರ ಮಾದರಿಯ ಕಾರುಗಳಿಗೆ ಒಂದೇ ತುಂಡಿನ ಉಕ್ಕಿನ ಚಾವಣಿ ಕೂರಿಸಿ, ಅದಕ್ಕೆ ‘ಟರೆಟ್ ಟಾಪ್’ ಎಂದು ಹೆಸರಿಟ್ಟು ಭರ್ಜರಿ ಪ್ರಚಾರ ಮಾಡಿತು. ಲಾರಿಗಳ ಕ್ಯಾಬಿನ್ನುಗಳೂ ಬೇಗನೆ ಅದೇ ಹಾದಿ ಹಿಡಿದವು.

ಉಕ್ಕಿನ ಮಾಡು ಸೋರುವುದಿಲ್ಲ, ಹರಿಯುವುದಿಲ್ಲ. ಆದರೆ ಅದು ತನ್ನದೇ ಮೂರು ತಾಪತ್ರಯಗಳನ್ನು ಹೊತ್ತು ತಂದಿತು. ಮೊದಲನೆಯದು ಸದ್ದು. ತೆಳ್ಳನೆಯ ಅಗಲವಾದ ತಗಡು ಎಂಜಿನ್ನಿನ ಅದುರಿಗೆ ತಮಟೆಯಂತೆ ಬಡಿದುಕೊಳ್ಳುತ್ತದೆ. ಎರಡನೆಯದು ತೇವ. ಚಳಿಯ ರಾತ್ರಿಯಲ್ಲಿ ಒಳಗಿನವರ ಉಸಿರಿನ ಹಬೆ ತಣ್ಣನೆಯ ಲೋಹಕ್ಕೆ ತಾಗಿ ಹನಿಯಾಗಿ ತೊಟ್ಟಿಕ್ಕುತ್ತದೆ. ಮೂರನೆಯದು ಸೆಕೆ. ಉಕ್ಕು ಮರಕ್ಕಿಂತ ನೂರಾರು ಪಟ್ಟು ಚೆನ್ನಾಗಿ ಶಾಖ ಹರಿಸುವ ವಸ್ತು. ಬಿಸಿಲಿನಲ್ಲಿ ನಿಂತ ತಗಡಿನ ಮಾಡು ಕಾದ ಬಾಣಲೆಯನ್ನು ಬೋರಲು ಹಾಕಿದಂತೆ. ಈ ಮೂರಕ್ಕೂ ಒಟ್ಟಿಗೆ ಸಿಕ್ಕ ಪರಿಹಾರವೇ ಒಳಹೊದಿಕೆ. ತಗಡಿಗೂ ಹೊದಿಕೆಗೂ ನಡುವೆ ಉಳಿಯುವ ಗಾಳಿಯ ಪದರವೇ ಅರ್ಧ ಕೆಲಸ ಮಾಡುತ್ತದೆ. ಸೆಣಬಿನ ಅಥವಾ ಹತ್ತಿಯ ಮೆತ್ತೆ ಹಾಕಿದರೆ ಉಳಿದರ್ಧ.

ಆದ್ದರಿಂದ ರೂಫ್ ಲೈನಿಂಗ್ ಎಂಬುದು ಬರೀ ಅಲಂಕಾರವಲ್ಲ. ಕಾರಿನಲ್ಲಿ ಅದು ಶೋಕಿಯಾಗಿ ಕಂಡಿರಬಹುದು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಅದರ ಕೆಳಗೆ ಕೂರುವ ಲಾರಿ ಚಾಲಕನಿಗೆ ಅದು ಕಿವಿಯ, ಕಣ್ಣಿನ, ನಿದ್ದೆಯ ಪ್ರಶ್ನೆ.

ರಟ್ಟು, ಸೆಣಬು, ರೆಕ್ಸಿನ್

ಕಾರಿಗೆ ಉಣ್ಣೆಬಟ್ಟೆ ಹೊದಿಸಿದ ಕಂಪೆನಿಗಳು ಲಾರಿಗೆ ಅಷ್ಟು ಖರ್ಚು ಮಾಡಲಿಲ್ಲ. ಎರಡನೆಯ ಮಹಾಯುದ್ಧದ ನಂತರ, 1947ರಲ್ಲಿ ಬಂದ ಷೆವ್ರೊಲೆ ಲಾರಿಗಳಲ್ಲಿ ಒತ್ತಿದ ದಪ್ಪ ರಟ್ಟನ್ನು ಚಾವಣಿಯ ಬಾಗಿಗೆ ತಕ್ಕಂತೆ ಬಗ್ಗಿಸಿ ಲೋಹದ ಪಟ್ಟಿಗಳಿಂದ ಹಿಡಿಸಲಾಗಿತ್ತು. ಅಗ್ಗ, ಹಗುರ, ಬದಲಿಸುವುದೂ ಸುಲಭ. ನೀರು ತಾಗಿದರೆ ಮಾತ್ರ ಹಪ್ಪಳದಂತೆ ಉಬ್ಬಿ ಜೋತುಬೀಳುವುದು ಅದರ ದೋಷ. ಇಂದು ಅಮೆರಿಕದಲ್ಲಿ ಆ ಕಾಲದ ಲಾರಿಗಳನ್ನು ನವೀಕರಿಸುವವರಿಗೆ ಅದೇ ಆಕಾರದ ಹೊಸ ರಟ್ಟು ಅಂಗಡಿಯಲ್ಲೇ ಸಿಗುತ್ತದೆ.

1924ರಲ್ಲಿ ಅಮೆರಿಕದ ವಿಲಿಯಂ ಮೇಸನ್ ಮರದ ಚೂರುಗಳನ್ನು ಹಬೆಯಿಂದ ಸಿಡಿಸಿ ಹಲಗೆಯಾಗಿ ಒತ್ತುವ ವಿಧಾನ ಕಂಡುಹಿಡಿದ. ನಮ್ಮಲ್ಲಿ ಹಾರ್ಡ್‌ಬೋರ್ಡ್ ಎಂದು ಕರೆಯುವ, ಒಂದು ಮೈ ನುಣುಪು ಇನ್ನೊಂದು ಮೈ ಒರಟಾದ ಹಲಗೆ ಅದರದೇ ವಂಶದ್ದು. ಬಸ್ಸು, ಲಾರಿಗಳ ಒಳಮೈಗೆ ಅದು ಹೇಳಿ ಮಾಡಿಸಿದಂತಿತ್ತು. ಅದರ ಹಿಂದೆ ತುಂಬುತ್ತಿದ್ದ ಮೆತ್ತೆಯಲ್ಲಿ ಸೆಣಬಿಗೆ ದೊಡ್ಡ ಪಾಲು. ಅಂದರೆ ಬಂಗಾಳದ ಗದ್ದೆಯಲ್ಲಿ ಬೆಳೆದ ನಾರು, ಹಡಗು ಹತ್ತಿ ಹೋಗಿ, ಇಂಗ್ಲಿಷ್ ಮತ್ತು ಅಮೆರಿಕನ್ ವಾಹನಗಳ ಹಲಗೆ, ಚರ್ಮಗಳ ಅಡಿಯಲ್ಲಿ ಅಡಗಿ ಕುಳಿತಿರುತ್ತಿತ್ತು.

ಇನ್ನು ರೆಕ್ಸಿನ್. ಇದು ಬಟ್ಟೆಯ ಹೆಸರಲ್ಲ, ಕಂಪೆನಿಯ ಹೆಸರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬ ಊರಿನಲ್ಲಿ ತಯಾರಾಗುತ್ತಿದ್ದ ಕೃತಕ ಚರ್ಮದ ವ್ಯಾಪಾರನಾಮ ಅದು. ಹತ್ತಿಬಟ್ಟೆಗೆ ನೈಟ್ರೋಸೆಲ್ಯುಲೋಸ್ ಲೇಪ ಕೊಟ್ಟು, ಚರ್ಮದ ಗೆರೆಗಳನ್ನು ಅಚ್ಚೊತ್ತಿ ಮಾಡುತ್ತಿದ್ದರು. ಆ ಕಂಪೆನಿಯ ಸರಕು ಮರೆಯಾಗಿ ಎಷ್ಟೋ ವರ್ಷಗಳಾದರೂ ಕಲಾಸಿಪಾಳ್ಯದಿಂದ ಹುಬ್ಬಳ್ಳಿಯವರೆಗೆ ಸೀಟು ಹೊಲಿಯುವ ಪ್ರತಿಯೊಬ್ಬರೂ ಇಂದಿಗೂ ‘ರೆಕ್ಸಿನ್’ ಎಂದೇ ಹೇಳುತ್ತಾರೆ. ಅವರ ಕೈಯಲ್ಲಿರುವುದು ನಿಜಕ್ಕೂ ಪಿವಿಸಿ ಲೇಪದ ಬಟ್ಟೆ. ಗಟ್ಟಿ ಪ್ಲಾಸ್ಟಿಕ್ಕಾದ ಪಿವಿಸಿಯನ್ನು ಚರ್ಮದಂತೆ ಮೆದುವಾಗಿಸುವ ಉಪಾಯ ಸಿಕ್ಕಿದ್ದು 1926ರಲ್ಲಿ, ಗುಡ್‌ರಿಚ್ ಕಂಪೆನಿಯ ವಾಲ್ಡೊ ಸೆಮನ್ ಎಂಬ ವಿಜ್ಞಾನಿಗೆ. ಹಳೆಯ ರೆಕ್ಸಿನ್ ವಯಸ್ಸಾದಂತೆ ಸೀಳುಬಿಟ್ಟು ಪುಡಿಯಾಗುತ್ತದೆ. ಪಿವಿಸಿ ಒಳಗಿನ ಎಣ್ಣೆಯಂಶ ಆರಿಹೋಗಿ ಸೆಟೆದುಕೊಳ್ಳುತ್ತದೆ. ಹೊದಿಕೆ ಯಾವ ಕಾಲದ್ದೆಂದು ಊಹಿಸಲು ಈ ವ್ಯತ್ಯಾಸ ಸಾಕು.

ನಮ್ಮ ಲಾರಿ, ನಮ್ಮ ಬಡಗಿ

ಭಾರತದ ಕಥೆ ಇಲ್ಲಿಂದ ಬೇರೆ ದಾರಿ ಹಿಡಿಯುತ್ತದೆ. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬೈಯಲ್ಲಿ ಜೋಡಣಾ ಕಾರ್ಖಾನೆ ತೆರೆದಿತ್ತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಪ್ರೀಮಿಯರ್ ಕಂಪೆನಿ ಡಾಡ್ಜ್ ಮತ್ತು ಫಾರ್ಗೊ ಲಾರಿಗಳನ್ನೂ, ಆಮೇಲೆ ಹಿಂದೂಸ್ತಾನ್ ಮೋಟಾರ್ಸ್ ಬೆಡ್‌ಫೋರ್ಡ್ ಲಾರಿಗಳನ್ನೂ ಕೊಡತೊಡಗಿದವು. 1954ರಲ್ಲಿ ಟಾಟಾ ಕಂಪೆನಿ ಜರ್ಮನಿಯ ಡೈಮ್ಲರ್-ಬೆಂಜ್ ಜತೆ ಒಪ್ಪಂದ ಮಾಡಿಕೊಂಡು, ಅದೇ ವರ್ಷ ಜಮ್‌ಶೆಡ್‌ಪುರದಿಂದ ಮೊದಲ ಲಾರಿಯನ್ನು ಹೊರಕ್ಕೆ ಬಿಟ್ಟಿತು. 1955ರಲ್ಲಿ ಅಶೋಕ್ ಮೋಟಾರ್ಸ್ ಅಶೋಕ್ ಲೇಲ್ಯಾಂಡ್ ಆಯಿತು. ಟಾಟಾ-ಬೆಂಜ್ ಒಪ್ಪಂದ 1969ರಲ್ಲಿ ಮುಗಿದು, ಮೂತಿಯ ಮೇಲಿನ ಮೂರುಮೊನೆ ನಕ್ಷತ್ರದ ಜಾಗಕ್ಕೆ ‘ಟಿ’ ಅಕ್ಷರ ಬಂದರೂ ಹಳ್ಳಿಗಳಲ್ಲಿ ಜನ ಬಹುಕಾಲ ‘ಬೆಂಜ್ ಲಾರಿ’ ಎನ್ನುವುದನ್ನು ಬಿಡಲಿಲ್ಲ.

ಈ ಲಾರಿಗಳಲ್ಲಿ ಬಹುಪಾಲು ಮಾರಾಟವಾಗುತ್ತಿದ್ದುದು ಕೌಲ್ ಷಾಸಿಗಳಾಗಿ. ಎಂಜಿನ್ನು, ಬಾನೆಟ್ಟು, ಮುಂದಿನ ಮುಖ ಇಷ್ಟನ್ನು ಮಾತ್ರ ಕಾರ್ಖಾನೆ ಕೊಡುತ್ತಿತ್ತು. ಬಂಡವಾಳ ಬೇಡುವ ದೊಡ್ಡ ಅಚ್ಚುಯಂತ್ರಗಳು ದುಬಾರಿ. ಮರ ಮತ್ತು ಕೂಲಿ ಅಗ್ಗ. ಅಕ್ಕಿ ಸಾಗಿಸುವವನಿಗೆ ಒಂದು ಬಗೆಯ ಬಾಡಿ, ಅದಿರು ಸಾಗಿಸುವವನಿಗೆ ಇನ್ನೊಂದು ಬಗೆ. ಮಾಲೀಕ ತನಗೆ ಬೇಕಾದಂತೆ ಕಟ್ಟಿಸಿಕೊಳ್ಳಬಹುದು. ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡುಗಳು ಈ ಕಸುಬಿನಿಂದಲೇ ದೇಶದಲ್ಲಿ ಹೆಸರಾದವು. ಕರ್ನಾಟಕದ ಲಾರಿಗಳೂ ಅಲ್ಲಿಗೆ ಹೋಗಿ ಮೈತುಂಬಿಕೊಂಡು ಬರುವುದು ವಾಡಿಕೆಯಾಯಿತು.

ಅಲ್ಲಿ ಕ್ಯಾಬಿನ್ ಕಟ್ಟುವ ಕ್ರಮ ಮನೆ ಕಟ್ಟುವ ಕ್ರಮಕ್ಕೆ ಹತ್ತಿರ. ಗಟ್ಟಿ ಮರದ ಕಂಬಗಳು, ಅಡ್ಡತೊಲೆಗಳು, ಮೇಲೆ ಕಮಾನಿನಂತೆ ಕೊರೆದ ಪಟ್ಟಿಗಳು, ಹೊರಗೆ ತಗಡು. ಚಾವಣಿ ಗಟ್ಟಿಯಾಗಿರಲೇಬೇಕು; ಯಾಕೆಂದರೆ ಅದರ ಮೇಲೆಯೇ ಟಾರ್ಪಾಲು, ಹಗ್ಗ, ಕೆಲವೊಮ್ಮೆ ಸ್ಟೆಪ್ನಿ, ರಾತ್ರಿ ಹೊತ್ತು ಸೆಕೆ ತಡೆಯದೆ ಹತ್ತಿ ಮಲಗುವ ಕ್ಲೀನರ್. ಮುಂಗಡೆ ‘ಪಬ್ಲಿಕ್ ಕ್ಯಾರಿಯರ್’ ಎಂಬ ಬರಹ. 1939ರ ಮೋಟಾರು ವಾಹನ ಕಾಯ್ದೆ ಬಾಡಿಗೆ ಲಾರಿಗೂ ಸ್ವಂತ ಸರಕಿನ ಲಾರಿಗೂ ಮಾಡಿದ್ದ ಭೇದದ ಗುರುತು ಅದು. 1988ರ ಕಾಯ್ದೆಯ ನಂತರ ಆ ಬರಹ ಹೋಗಿ ‘ಗೂಡ್ಸ್ ಕ್ಯಾರಿಯರ್’ ಬಂತು.

ಒಳಗೆ ಪ್ಲೈವುಡ್ ಅಥವಾ ಹಾರ್ಡ್‌ಬೋರ್ಡ್ ಬಡಿದು, ಕೀಲುಗಳ ಮೇಲೆ ಮರದ ಅಥವಾ ಅಲ್ಯೂಮಿನಿಯಂ ಬೀಡಿಂಗ್ ಓಡಿಸಿ, ಮಾಲೀಕನ ಕೈ ಧಾರಾಳವಾಗಿದ್ದರೆ ರೆಕ್ಸಿನ್ನನ್ನು ಗುಂಡಿ ಕೂರಿಸಿ ಹೊದಿಸುತ್ತಿದ್ದರು. ಸನ್‌ಮೈಕಾ ಬಂದ ಮೇಲೆ ಬಣ್ಣಬಣ್ಣದ ತುಂಡುಗಳು, ಕನ್ನಡಿ ಚೂರು, ಪುಟ್ಟ ಬಲ್ಬು, ಝಾಲರಿ. ಗಾಜಿನ ಮೇಲ್ಭಾಗದಲ್ಲಿ ದೇವರ ಪಟಕ್ಕೊಂದು ಗೂಡು. ಮನೆಯಿಂದ ದೂರ ಇರುವವನು ತನ್ನ ನೆತ್ತಿಯ ಮೇಲಿನ ಎರಡು ಮಾರು ಜಾಗವನ್ನು ಮನೆ ಮಾಡಿಕೊಂಡ ರೀತಿ ಇದು. ಒಂದು ಲಾರಿಯ ಚಾವಣಿಯಂತೆ ಇನ್ನೊಂದರದ್ದು ಇರುತ್ತಿರಲಿಲ್ಲ.

ಬಿಚ್ಚುವ ಮೊದಲು

ಹೀಗಿರುವಾಗ ಹಳೆಯ ಚಾವಣಿಯನ್ನು ಸರಿಪಡಿಸುವುದೆಂದರೆ ಕಿತ್ತು ಬಿಸಾಡಿ ಹೊಸದು ಹಾಕುವುದಲ್ಲ. ಬಲ್ಲವರು ಮೊದಲು ಮಾಡುವ ಕೆಲಸ ಏನನ್ನೂ ಮುಟ್ಟದೆ ಫೋಟೊ ತೆಗೆಯುವುದು, ಅಳತೆ ಬರೆದುಕೊಳ್ಳುವುದು. ಯಾವ ಬೀಡಿಂಗ್ ಎಲ್ಲಿತ್ತು, ಮೊಳೆ ಎಷ್ಟು ಅಂತರದಲ್ಲಿತ್ತು, ದೀಪದ ತಂತಿ ಎಲ್ಲಿ ಇಳಿದಿತ್ತು ಎಂಬುದೆಲ್ಲ ಬಿಚ್ಚಿದ ಮರುಕ್ಷಣ ಮರೆತುಹೋಗುವ ಸಂಗತಿಗಳು. ಆಮೇಲೆ ದೀಪ, ಬಿಸಿಲುತಡೆ, ಕನ್ನಡಿ ಇವುಗಳನ್ನು ತೆಗೆದು, ಬೀಡಿಂಗ್ ಸಡಿಲಿಸಿ, ಹಲಗೆಯನ್ನು ಆದಷ್ಟೂ ಮುರಿಯದೆ ಇಳಿಸಬೇಕು. ಮುರಿದರೂ ಚೂರುಗಳನ್ನು ಕೂಡಿಸಿಟ್ಟುಕೊಳ್ಳಬೇಕು. ಹೊಸ ಹಲಗೆಗೆ ಅದೇ ಅಚ್ಚು.

ಹಲಗೆ ಇಳಿದ ಮೇಲೆ ಲಾರಿಯ ನಿಜವಾದ ಆರೋಗ್ಯ ಗೊತ್ತಾಗುತ್ತದೆ. ಶಿರಾಡಿ, ಚಾರ್ಮಾಡಿಯಂಥ ಘಾಟಿಗಳ ಮಳೆಗಾಲ ಕಂಡ ಕ್ಯಾಬಿನ್ನಾದರೆ ತಗಡಿನ ಕೀಲಿನಲ್ಲಿ ತುಕ್ಕು, ಮರದ ಮೂಲೆಯಲ್ಲಿ ಕುಂಬು, ಕೆಲವೊಮ್ಮೆ ಗೆದ್ದಲು. ಇವನ್ನು ಬಿಟ್ಟು ಮೇಲೆ ಹೊಸ ಹೊದಿಕೆ ಹಾಕಿದರೆ ಹುಣ್ಣಿಗೆ ಬಟ್ಟೆ ಮುಚ್ಚಿದಂತೆ. ಕೊಳೆತ ಭಾಗವನ್ನಷ್ಟೇ ಕೊಯ್ದು ಅದೇ ಜಾತಿಯ ಮರ ಸೇರಿಸಿ, ತುಕ್ಕು ಉಜ್ಜಿ ಪ್ರೈಮರ್ ಹೊಡೆದು, ನೀರು ಸುರಿದು ನೋಡಿ, ಒಂದು ಹನಿಯೂ ಇಳಿಯದು ಎಂದು ಖಾತ್ರಿಯಾದ ಮೇಲೆಯೇ ಮುಂದಿನ ಹೆಜ್ಜೆ. ತಂತಿಗಳನ್ನು ಹೊಸದಾಗಿ ಎಳೆಯುವುದಿದ್ದರೆ ಅದೂ ಈಗಲೇ ಆಗಬೇಕು.

ಹಾರ್ಡ್‌ಬೋರ್ಡನ್ನು ಬಗ್ಗಿಸುವುದಕ್ಕೆ ಹಳೆಯ ಉಪಾಯವೊಂದಿದೆ. ಒರಟು ಮೈಗೆ ನೀರು ಸವರಿ ಸ್ವಲ್ಪ ಹೊತ್ತು ಬಿಟ್ಟರೆ ನಾರು ಸಡಿಲಗೊಂಡು ಕಮಾನಿಗೆ ಒಗ್ಗುತ್ತದೆ. ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ ಸ್ಕ್ರೂ ಬಿಗಿಯುತ್ತ ಹೋಗಬೇಕು. ಅಂಚಿನಿಂದ ಶುರುಮಾಡಿದರೆ ನಡುವೆ ಹೊಟ್ಟೆ ಬರುತ್ತದೆ. ರೆಕ್ಸಿನ್ನಿಗೂ ಇದೇ ನಿಯಮ. ಅದನ್ನು ಒಂದಿಷ್ಟು ಹೊತ್ತು ಬಿಸಿಲಿಗೆ ಹರವಿ ಮೆದುವಾಗಿಸಿ, ಸುತ್ತಲೂ ಎರಡು ಮೂರು ಇಂಚು ಹೆಚ್ಚು ಬಿಟ್ಟು ಕತ್ತರಿಸಿ, ರಬ್ಬರ್ ಅಂಟನ್ನು ಎರಡೂ ಮೈಗೆ ಬಳಿದು, ಕೈಗೆ ಅಂಟೀ ಅಂಟದ ಹದಕ್ಕೆ ಬಂದ ಮೇಲೆ ಕೂಡಿಸಬೇಕು. ಅವಸರ ಮಾಡಿದರೆ ಒಳಗೆ ಗಾಳಿ ಗುಳ್ಳೆ ಉಳಿಯುತ್ತದೆ. ಶಾಖ ತಡೆಯದ ಅಗ್ಗದ ಅಂಟು ಬಳಸಿದರೆ ಮೊದಲ ಬೇಸಿಗೆಗೇ ಹೊದಿಕೆ ಕಳಚಿ ಚಾಲಕನ ತಲೆಯ ಮೇಲೆ.

ಕಾರ್ಖಾನೆಯಲ್ಲೇ ತಯಾರಾದ ವಿದೇಶೀ ಕ್ಯಾಬಿನ್ನುಗಳಲ್ಲಿ ಕೆಲವಕ್ಕೆ ಬಟ್ಟೆಯ ಹೊದಿಕೆಯನ್ನು ತಂತಿಯ ಕಮಾನುಗಳಿಂದ ತೂಗುಹಾಕುವ ಪದ್ಧತಿ ಇತ್ತು. ಬಟ್ಟೆಯ ಹಿಂಬದಿಗೆ ಹೊಲಿದ ಉದ್ದನೆಯ ಚೀಲಗಳಲ್ಲಿ ತಂತಿಗಳು ತೂರಿರುತ್ತವೆ. ಒಂದೊಂದು ತಂತಿಯ ಉದ್ದ, ಬಾಗು ಬೇರೆ. ಬಿಚ್ಚುವಾಗಲೇ ಒಂದು, ಎರಡು ಎಂದು ಗುರುತು ಹಾಕದಿದ್ದರೆ ಮತ್ತೆ ಜೋಡಿಸುವಾಗ ಬಟ್ಟೆ ಎಲ್ಲೆಲ್ಲೋ ಸುಕ್ಕುಗಟ್ಟುತ್ತದೆ. 1980ರ ದಶಕದಲ್ಲಿ ಭಾರತಕ್ಕೆ ಬಂದ ಜಪಾನೀ ಸಹಯೋಗದ ಸಣ್ಣ ಲಾರಿಗಳು ಪೂರ್ತಿ ಉಕ್ಕಿನ ಕ್ಯಾಬಿನ್ನನ್ನು ಇಲ್ಲಿ ಪರಿಚಯಿಸಿದವು. ಟಾಟಾ ಕಂಪೆನಿಯ 407 ಕೂಡ 1986ರಲ್ಲಿ ಉಕ್ಕಿನ ಕ್ಯಾಬಿನ್ ತೊಟ್ಟೇ ಬಂತು. ಆಮೇಲೆ ಅಚ್ಚಿನಲ್ಲಿ ಒತ್ತಿದ ಹಲಗೆಗೆ ಫೋಮ್ ಬೆನ್ನಿನ ಬಟ್ಟೆ ಅಂಟಿಸುವ ಕಾಲ ಬಂತು. ಸೆಕೆ ಮತ್ತು ತೇವಕ್ಕೆ ಆ ಫೋಮು ಪುಡಿಯಾಗಿ ಬಟ್ಟೆ ಜೋಲುವುದು ಈ ಬಗೆಯ ಕಾಯಿಲೆ. ಅದಕ್ಕೆ ಮದ್ದು ಒಂದೇ: ಹಳೆಯ ಪುಡಿಯನ್ನು ಪೂರ್ತಿ ಉಜ್ಜಿ ತೆಗೆದು ಹೊಸ ಬಟ್ಟೆ ಅಂಟಿಸುವುದು.

ಯಾವುದು ಅಸಲಿ?

ಕೈಕೆಲಸ ಕಷ್ಟವೆನಿಸಿದರೂ ಕಲಿಯಬಹುದು. ಕಷ್ಟವಾದದ್ದು ತೀರ್ಮಾನ. ಟಾಟಾ-ಬೆಂಜ್ ಲಾರಿಯೊಂದನ್ನು ‘ಮೂಲ ರೂಪ’ಕ್ಕೆ ತರಬೇಕೆಂದು ಹೊರಟವರು ಸಹಜವಾಗಿಯೇ ಜರ್ಮನಿಯ ಚಿತ್ರಪುಸ್ತಕ ತಿರುವಿಹಾಕುತ್ತಾರೆ. ಅಲ್ಲಿ ಕಾಣುವ ಕಾರ್ಖಾನೆಯ ಕ್ಯಾಬಿನ್, ಅದರ ನೀಟಾದ ಒಳಹೊದಿಕೆ ಅವರಿಗೆ ಅಸಲಿ ಎನಿಸುತ್ತದೆ. ಹಾಗೆ ಮಾಡಿದರೆ ಲಾರಿ ಚೆನ್ನಾಗಿ ಕಾಣಬಹುದು. ಆದರೆ ಜಮ್‌ಶೆಡ್‌ಪುರದಿಂದ ಮಾಡಿಲ್ಲದೆ ಹೊರಟು ಬಂದ ಆ ಲಾರಿಯ ಮೇಲೆ ಅಂಥ ಚಾವಣಿ ಎಂದೂ ಇರಲೇ ಇಲ್ಲ. ಅದರ ಅಸಲಿ ಚಾವಣಿ ಎಂದರೆ ಹೆಸರು ಬರೆದಿಡದ ಯಾವನೋ ಬಡಗಿ ಕೊರೆದ ಕಮಾನು, ಹಾರ್ಡ್‌ಬೋರ್ಡು, ಅಂಕುಡೊಂಕಾದ ಬೀಡಿಂಗ್. ಅದನ್ನು ಕಿತ್ತು ಜರ್ಮನ್ ಹೊದಿಕೆ ಹಾಕುವುದೆಂದರೆ ಹಳೆಯದನ್ನು ಉಳಿಸುವ ಹೆಸರಿನಲ್ಲಿ ಹಳೆಯದನ್ನು ಅಳಿಸಿದಂತೆ.

ಹಾಗೆಂದು ಎಲ್ಲವನ್ನೂ ಇದ್ದಂತೆಯೇ ಮಾಡಬೇಕೆಂಬ ಹಟವೂ ಸರಿಯಲ್ಲ. ಹಳೆಯ ನೈಟ್ರೋಸೆಲ್ಯುಲೋಸ್ ರೆಕ್ಸಿನ್ ಬೆಂಕಿಗೆ ಬಲುಬೇಗ ತುತ್ತಾಗುವ ವಸ್ತು. ಅಮೆರಿಕದಲ್ಲಿ 1972ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ನಿಯಮದ ಪ್ರಕಾರ ಚಾವಣಿ ಹೊದಿಕೆಯೂ ಸೇರಿದಂತೆ ವಾಹನದ ಒಳಸಾಮಗ್ರಿ ನಿಮಿಷಕ್ಕೆ 102 ಮಿಲಿಮೀಟರ್‌ಗಿಂತ ವೇಗವಾಗಿ ಉರಿಯಕೂಡದು. ಭಾರತದಲ್ಲೂ ಇಂಥದೇ ಮಾನದಂಡವಿದೆ. ಕಣ್ಣಿಗೆ ಹಳೆಯದಾಗಿ ಕಾಣುವ, ಬೆಂಕಿಗೆ ಬೇಗ ಜಗ್ಗದ ಹೊಸ ಬಟ್ಟೆ ಹಾಕಿ, ಹಳೆಯದರ ಒಂದು ತುಂಡನ್ನು ಸಾಕ್ಷಿಯಾಗಿ ಜೋಪಾನ ಮಾಡುವುದು ವಿವೇಕದ ದಾರಿ. ಮರದ ಕ್ಯಾಬಿನ್ ಅಪಘಾತದಲ್ಲಿ ಚಾಲಕನನ್ನು ಕಾಯುವುದರಲ್ಲಿ ಉಕ್ಕಿನದಕ್ಕೆ ಸಾಟಿಯಲ್ಲ ಎಂಬುದನ್ನೂ ಮರೆಯುವಂತಿಲ್ಲ. ಲಾರಿ ಕ್ಯಾಬಿನ್ ಕಟ್ಟುವುದಕ್ಕೂ ಇಂದು ನಿಯಮಾವಳಿಯುಂಟು. ಹಳೆಯ ಕಸುಬನ್ನು ಕೊಂಡಾಡುವ ಭರದಲ್ಲಿ ಅದರಡಿಯಲ್ಲಿ ನಲುಗಿದ ಜೀವಗಳನ್ನು ಮರೆತರೆ ಅದೂ ಅರೆ ಇತಿಹಾಸವೇ.

ನಂಬರ್ ಪ್ಲೇಟಿಲ್ಲದ ಹಿರಿಯರು

ಕೇಂದ್ರ ಸರ್ಕಾರ 2021ರಲ್ಲಿ ಹಳೆಯ ವಾಹನಗಳ ನೋಂದಣಿಗೆ ವಿಶೇಷ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಗಳಿಗೆ ‘ವಿಂಟೇಜ್’ ಎಂಬ ಮಾನ್ಯತೆ, ‘ವಿಎ’ ಅಕ್ಷರದ ಪ್ರತ್ಯೇಕ ನಂಬರ್ ಪ್ಲೇಟು. ಆದರೆ ನಿಯಮದ ವ್ಯಾಖ್ಯೆಯಲ್ಲಿರುವುದು ಸ್ವಂತ ಬಳಕೆಯ ದ್ವಿಚಕ್ರ ವಾಹನ ಮತ್ತು ಕಾರು. ಲಾರಿ ಅದರಲ್ಲಿಲ್ಲ. ಮಹಾರಾಜರ ಕಾರಿಗೆ ವಯಸ್ಸಾದರೆ ಅದು ಪರಂಪರೆ. ಅಕ್ಕಿ, ಉಪ್ಪು, ಸಿಮೆಂಟು ಹೊತ್ತ ಲಾರಿಗೆ ವಯಸ್ಸಾದರೆ ಅದು ಗುಜರಿ. ಕಾರು ಷೆಡ್ಡಿನಲ್ಲಿ ನಿಂತು ಉಳಿಯುತ್ತದೆ. ಲಾರಿ ಓಡುವವರೆಗೂ ದುಡಿದು, ನಿಂತ ದಿನವೇ ಕಬ್ಬಿಣದ ತೂಕಕ್ಕೆ ಹೋಗುತ್ತದೆ. ಹಾಗೆ ಹೋಗುವಾಗ ಉಕ್ಕಿಗಾದರೂ ಬೆಲೆಯುಂಟು. ಚಾವಣಿಯ ಹಲಗೆ, ರೆಕ್ಸಿನ್ ಮೊದಲು ಬೆಂಕಿಗೆ.

ಇನ್ನೊಂದೆಡೆ, ಚಾಲಕನ ಸೆಕೆಯ ಪ್ರಶ್ನೆಗೆ ಸರ್ಕಾರ ತಡವಾಗಿಯಾದರೂ ಉತ್ತರ ಕೊಟ್ಟಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ, 3.5 ಟನ್‌ಗಿಂತ ಹೆಚ್ಚಿನ ಒಟ್ಟು ತೂಕದ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯ. 1896ರ ಬಯಲು ಪೀಠದಿಂದ ಇಲ್ಲಿಗೆ ತಲುಪಲು ಸುಮಾರು 130 ವರ್ಷ ಬೇಕಾಯಿತು. ವಿಶೇಷವೆಂದರೆ ಹವಾನಿಯಂತ್ರಣ ಬಂದರೂ ರೂಫ್ ಲೈನಿಂಗಿನ ಕೆಲಸ ಮುಗಿಯುವುದಿಲ್ಲ. ಮೇಲಿನ ತಗಡು ಕಾಯುತ್ತಲೇ ಇರುವಾಗ ಒಳಗಿನ ತಂಪನ್ನು ಕಾಪಾಡಬೇಕಾದದ್ದು ಅದೇ ಹೊದಿಕೆ.

ನಡುವಿನ ಈ ದೀರ್ಘ ಕಾಲದಲ್ಲಿ, ಎಸಿಯೂ ಇಲ್ಲದ, ಕಾರ್ಖಾನೆಯ ಕ್ಯಾಬಿನ್ನೂ ಇಲ್ಲದ ದಿನಗಳಲ್ಲಿ, ಒಂದು ಹಲಗೆ ಮತ್ತು ಒಂದು ಮಾರು ರೆಕ್ಸಿನ್ನಿನಿಂದ ಚಾಲಕನ ತಲೆಯನ್ನು ಕಾದವರು ಊರೂರಿನ ಬಡಗಿಗಳು, ಕುಶನ್ ಹೊಲಿಯುವವರು. ಅವರ ಕೆಲಸಕ್ಕೆ ನಕ್ಷೆಯಿಲ್ಲ, ಸಹಿಯಿಲ್ಲ. ಹಲಗೆಯ ಹಿಂಬದಿಯಲ್ಲಿ ಅಳತೆಗೆಂದು ಎಳೆದ ಪೆನ್ಸಿಲ್ ಗೆರೆಗಳು ಮಾತ್ರ ಉಳಿದಿರಬಹುದು. ಹಳೆಯ ಲಾರಿಯ ಚಾವಣಿ ಬಿಚ್ಚುವವರು ಆ ಬೆನ್ನನ್ನೊಮ್ಮೆ ತಿರುಗಿಸಿ ನೋಡಿ, ಆಮೇಲೆ ಮುಂದಿನ ಕೆಲಸಕ್ಕೆ ಕೈಹಾಕುವುದು ಒಳ್ಳೆಯದು.